ಅಪ್‌ಡೇಟ್: ನೇಮಕಾತಿ ಪತ್ರ ಕೈಸೇರಿದೆ, ಒಂದು ತಿದ್ದುಪಡಿಯೊಂದಿಗೆ

ಮೈಸೂರಿನ ಖಾಸಗಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿ ತಿಂಗಳು ಕಳೆದರೂ ನೇಮಕಾತಿ ಪತ್ರ ಕೊಟ್ಟಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಪತ್ರ ಈಗ ಕೈಸೇರಿದೆ.

ನಿಮ್ಮಲ್ಲೊಬ್ಬರು ಸೂಚಿಸಿದ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ 6-ಎ ಪ್ರಕರಣವೇ (ಸೆಕ್ಷನ್) ನೆರವಿಗೆ ಬಂದಿತು. ನೌಕರರ ಹೆಸರು, ಹುದ್ದೆ, ವೇತನ ಶ್ರೇಣಿ ಹಾಗೂ ಸೇವಾ ಷರತ್ತುಗಳನ್ನು ಒಳಗೊಂಡ ಲಿಖಿತ ಆದೇಶವನ್ನು ನೇಮಕವಾದ 30 ದಿನಗಳೊಳಗೆ ಮಾಲೀಕರು ನೀಡಲೇಬೇಕೆಂದು ಅದು ಹೇಳುತ್ತದೆ. ಇದನ್ನು ಉಲ್ಲೇಖಿಸಿ, ಸೇರಿದ ದಿನಾಂಕ, ಒಪ್ಪಿಕೊಂಡಿದ್ದ ಸಂಬಳ ಮತ್ತು ಕೆಲಸದ ವೇಳೆಯನ್ನು ಸ್ಪಷ್ಟವಾಗಿ ನಮೂದಿಸಿ, ಮಾನವ ಸಂಪನ್ಮೂಲ ವಿಭಾಗದ ಮೇಡಂ ಅವರಿಗೆ ವಿನಯಪೂರ್ವಕವಾಗಿ ಇಮೇಲ್ ಬರೆದೆ. ಕಾರ್ಮಿಕ ಇಲಾಖೆಗೆ ದೂರು ನೀಡುವ ಮಾತನ್ನು ಅದರಲ್ಲಿ ಎತ್ತಲಿಲ್ಲ. ಕೆಲಸ ಉಳಿಸಿಕೊಳ್ಳಬೇಕಾದವರು ಮೊದಲು ಹೀಗೆಯೇ ಕೇಳುವುದು ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಬಂದ ಪತ್ರದಲ್ಲಿ, ಸಂದರ್ಶನದ ವೇಳೆ ಒಂದು ತಿಂಗಳೆಂದು ಹೇಳಿದ್ದ ನೋಟಿಸ್ ಅವಧಿಯು (ಕೆಲಸ ಬಿಡುವ ಮುನ್ನ ತಿಳಿಸಬೇಕಾದ ಕಾಲಾವಧಿ) ಮೂರು ತಿಂಗಳಾಗಿತ್ತು. ಸಹಿ ಹಾಕದೆ, ವ್ಯತ್ಯಾಸವನ್ನು ಬರಹದಲ್ಲಿಯೇ ತಿಳಿಸಿದ ಮೇಲೆ ಅದನ್ನು ಸರಿಪಡಿಸಿ ಕೊಟ್ಟರು. ಇದೇ ಸ್ಥಿತಿಯಲ್ಲಿರುವವರು ದಯವಿಟ್ಟು ಪ್ರತಿ ಷರತ್ತನ್ನೂ ಓದಿಯೇ ಸಹಿ ಮಾಡಿ.

ಪತ್ರವಿಲ್ಲದಿದ್ದರೆ ಹಕ್ಕೇ ಇಲ್ಲವೇ ಎಂದು ಮಂಡ್ಯದ ಓದುಗರೊಬ್ಬರು ಕೇಳಿದ್ದರು. ಹಾಗಿಲ್ಲ, ಮೌಖಿಕ ಒಪ್ಪಂದಕ್ಕೂ ಕಾನೂನಿನಲ್ಲಿ ಮಾನ್ಯತೆಯಿದೆ, ಅದನ್ನು ಸಾಬೀತುಪಡಿಸುವುದು ಮಾತ್ರ ಕಷ್ಟ. ಆದ್ದರಿಂದ ಸಂಬಳ ಜಮೆಯಾದ ಬ್ಯಾಂಕ್ ವಿವರ, ಹಾಜರಾತಿ ದಾಖಲೆ, ಕೆಲಸ ವಹಿಸಿದ ಇಮೇಲ್ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳನ್ನು ಜೋಪಾನವಾಗಿಡಿ. ನನ್ನ ಭವಿಷ್ಯ ನಿಧಿಯ ನೋಂದಣಿ ಇನ್ನೂ ಬಾಕಿಯಿದ್ದು, ಅದನ್ನೂ ಬರಹದಲ್ಲಿ ವಿಚಾರಿಸಿದ್ದೇನೆ.