ಆರ್.ಇ.ಎಂ.: 15 ಆಲ್ಬಂ ಇವೆ, ಎಲ್ಲಿಂದ ಶುರು ಮಾಡಲಿ?

ಎಳೆಬಿಸಿಲು:
ಅಮೆರಿಕದ ರಾಕ್ ಬ್ಯಾಂಡ್ ಆರ್.ಇ.ಎಂ.ನ 'ಲೂಸಿಂಗ್ ಮೈ ರಿಲಿಜನ್' ಹಾಡನ್ನು ಎರಡು ವಾರದಿಂದ ಬಿಡದೆ ಕೇಳುತ್ತಿದ್ದೇನೆ. ಮಿಕ್ಕಿದ್ದನ್ನೂ ಕೇಳೋಣ ಅಂತ ನೋಡಿದರೆ 1983ರಿಂದ 2011ರವರೆಗೆ 15 ಆಲ್ಬಂ! ಮೊದಲನೆಯದು, 'ಮರ್ಮರ್', ಹಾಕಿದೆ. ಒಂದು ಸಾಲೂ ತಿಳಿಯಲಿಲ್ಲ. ನನ್ನ ಇಂಗ್ಲಿಷೇ ಸರಿಯಿಲ್ಲವೋ ಏನೋ. ಯಾವುದರಿಂದ ಶುರು ಮಾಡಲಿ? ಮತ್ತೆ ಆ ಹಾಡಿನಲ್ಲಿ ಧರ್ಮದ ಮಾತು ಎಲ್ಲಿದೆ?

ಹಳೇಕ್ಯಾಸೆಟ್:
ನಿಮ್ಮ ಇಂಗ್ಲಿಷಿಗೆ ಏನೂ ಆಗಿಲ್ಲ. ಅಮೆರಿಕದವರೇ ತಲೆ ಕೆರೆದುಕೊಳ್ಳುತ್ತಿದ್ದರು. ಗಾಯಕ ಮೈಕಲ್ ಸ್ಟೈಪ್ ಆಗ ಬಾಯೊಳಗೇ ಹಾಡುತ್ತಿದ್ದ. ಆಲ್ಬಂ ಹೆಸರೇ ಗೊಣಗಾಟ, ಇನ್ನೇನು ಬೇಕು! ಪದ ಬಿಡಿ, ಪೀಟರ್ ಬಕ್‌ನ ಗಿಟಾರ್ ಕೇಳಿ. ತಂತಿಗಳನ್ನು ಒಟ್ಟಿಗೆ ಗೀರುವುದಕ್ಕಿಂತ ಒಂದೊಂದಾಗಿ ಮೀಟುವುದೇ ಜಾಸ್ತಿ.

ಧರ್ಮದ ಮಾತು ಆ ಹಾಡಿನಲ್ಲಿ ಇಲ್ಲವೇ ಇಲ್ಲ. ಅಮೆರಿಕದ ದಕ್ಷಿಣದ ಕಡೆ ತಾಳ್ಮೆ ಕೆಟ್ಟು ರೇಗಿಹೋದರೆ ಹಾಗೆ ಹೇಳುತ್ತಾರೆ. ಹಾಡು ಒಬ್ಬರ ಕಡೆಯಿಂದ ಮಾತ್ರ ಇರುವ ಪ್ರೀತಿಯದ್ದು. ಅದರ ಮ್ಯಾಂಡೊಲಿನ್ ಬಕ್ ಆಗಿನ್ನೂ ಕಲಿಯುತ್ತಿದ್ದ. ವಿಡಿಯೊ ಮಾಡಿದ್ದು ನಮ್ಮ ಜಲಂಧರ್‌ನ ತರ್ಸೇಮ್ ಸಿಂಗ್, ಗೊತ್ತಿತ್ತಾ?

ಶುರು ಮಾಡೋಕೆ 'ಆಟೋಮ್ಯಾಟಿಕ್ ಫಾರ್ ದ ಪೀಪಲ್' (1992). ಸಾವು, ವಯಸ್ಸು, ಕಳೆದುಹೋದದ್ದು, ಇವೇ ಜಾಸ್ತಿ. ಆದರೂ ಭಾರ ಅನ್ನಿಸುವುದಿಲ್ಲ. ಕೆಲವು ಹಾಡುಗಳ ಪಿಟೀಲು ಮೇಳ ಹೊಂದಿಸಿದ್ದು ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ಜಾನ್ ಪಾಲ್ ಜೋನ್ಸ್. ಹೆಸರು ಮಾತ್ರ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್‌ನ ಒಂದು ಚಿಕ್ಕ ಊಟದ ಹೋಟೆಲಿನ ಘೋಷವಾಕ್ಯ. ಏನಾದರೂ ತರಲು ಹೇಳಿದರೆ ಮಾಲೀಕರು 'ಆಟೋಮ್ಯಾಟಿಕ್' ಅನ್ನುತ್ತಿದ್ದರು.

ಅಟ್ಲಾಂಟಾದಲ್ಲಿದ್ದಾಗ ಒಂದು ಶನಿವಾರ ಅಥೆನ್ಸ್‌ಗೆ ಹೋಗಿದ್ದೆ. 1980ರ ಏಪ್ರಿಲ್ 5ರಂದು ಆರ್.ಇ.ಎಂ.ನವರು ಮೊದಲ ಸಲ ನುಡಿಸಿದ್ದು ಅಲ್ಲಿನ ಹಳೇ ಚರ್ಚ್ ಒಂದರಲ್ಲಿ. ಈಗ ಚರ್ಚ್ ಇಲ್ಲ, ಗೋಪುರ ಒಂದೇ ನಿಂತಿದೆ. ಜಿಟಿಜಿಟಿ ಮಳೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಹೆಂಡತಿ "ಇಷ್ಟಕ್ಕೇನಾ ಕರ್ಕೊಂಡ್ ಬಂದಿದ್ದು?" ಅಂದಳು.

ಡೋಲುಪ್ರಿಯ:
ಕ್ಯಾಸೆಟ್ ಸರ್, ಡ್ರಮ್ಮರ್ ಬಿಲ್ ಬೆರಿಯ ಹೆಸರೇ ಎತ್ತಲಿಲ್ಲವಲ್ಲ! 1995ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಾರ್ಯಕ್ರಮದ ನಡುವೆಯೇ ಮೆದುಳಿನ ರಕ್ತನಾಳಕ್ಕೆ ತೊಂದರೆಯಾಗಿ ಕುಸಿದವನು. ಚೇತರಿಸಿಕೊಂಡ. 1997ರಲ್ಲಿ ಬ್ಯಾಂಡ್ ಬಿಟ್ಟು ಹೊಲ ನೋಡಿಕೊಳ್ಳಲು ಹೋದ. ಬಾಕಿ ಮೂವರು ಹೊಸ ಡ್ರಮ್ಮರನ್ನು ಸದಸ್ಯನಾಗಿ ಸೇರಿಸಿಕೊಳ್ಳಲೇ ಇಲ್ಲ. ಆಮೇಲಿನ ಐದು ಆಲ್ಬಂಗಳಲ್ಲಿ ಆ ಬಿಗಿ ಎಲ್ಲಿದೆ? ನನ್ನ ಓಟು 1996ರ 'ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ'ಗೆ. ಪ್ರವಾಸದಲ್ಲೇ ಬಹುಪಾಲು ಧ್ವನಿಮುದ್ರಣ, ಅದೇ ಬೆರಿಯ ಕೊನೆಯದು.

ಹಳೇಕ್ಯಾಸೆಟ್:
ಒಪ್ಪಿದೆ, ತಪ್ಪಾಯಿತು. ಆದರೆ 'ಅಪ್' (1998) ಒಂದನ್ನು ಬಿಟ್ಟುಕೊಡುವುದಿಲ್ಲ. ಡ್ರಮ್ ಯಂತ್ರ ಇಟ್ಟುಕೊಂಡು ತಡವರಿಸಿದ್ದಾರೆ ನಿಜ, ಆ ತಡವರಿಕೆಯೇ ಚೆನ್ನಾಗಿದೆ. 2004ರ 'ಅರೌಂಡ್ ದ ಸನ್' ಬೇಕಾದರೆ ನೀವೇ ಇಟ್ಟುಕೊಳ್ಳಿ. ಅಂದಹಾಗೆ 'ಎವ್ರಿಬಡಿ ಹರ್ಟ್ಸ್' ಹಾಡನ್ನು ಹೆಚ್ಚಾಗಿ ಕಟ್ಟಿದ್ದು ಬೆರಿಯೇ. ಅದರಲ್ಲೂ ತಾಳ ಹಿಡಿದಿರುವುದು ಯಂತ್ರ!

ಎಳೆಬಿಸಿಲು:
ಸರಿ, ಇವತ್ತು ರಾತ್ರಿ 'ಆಟೋಮ್ಯಾಟಿಕ್' ಹಾಕುತ್ತೇನೆ. ಆ ಹೋಟೆಲಲ್ಲಿ ಊಟ ಮಾಡಿದಿರಾ ಸರ್?

ಹಳೇಕ್ಯಾಸೆಟ್:
ಇಲ್ಲ. ಹೆಂಡತಿ ಮನೆಯಿಂದ ಮೊಸರನ್ನ ತಂದಿದ್ದಳು.