ಫ್ಯೂಸ್ ಮಾಡಿದ ತಟ್ಟೆಗಳು ಕಪಾಟಿನಲ್ಲಿದ್ದಲ್ಲೇ ಸೀಳುತ್ತಿವೆ. ಅನೀಲಿಂಗ್ ಹೆಚ್ಚಿಸಿದರೂ ನಿಲ್ಲುತ್ತಿಲ್ಲ

ಮೈಸೂರು ಗಾಜು

ಎಲ್ಲರಿಗೂ ನಮಸ್ಕಾರ. ಮನೆಯ ಮಹಡಿಯ ಕೋಣೆಯಲ್ಲಿ ಕಿಲ್ನ್ (ಗಾಜು ಕರಗಿಸುವ ವಿದ್ಯುತ್ ಕುಲುಮೆ) ಇಟ್ಟುಕೊಂಡು 25 ಸೆಂ.ಮೀ. ಅಗಲದ ಗಾಜಿನ ತಟ್ಟೆಗಳನ್ನು ಮಾಡುತ್ತಿದ್ದೇನೆ. ಎರಡು ಪದರಗಳ ನಡುವೆ ಬಣ್ಣದ ಚೂರುಗಳನ್ನು ಜೋಡಿಸಿ ಫ್ಯೂಸ್ ಮಾಡುವುದು, ಅಂದರೆ ಬಿಸಿಯಲ್ಲಿ ಕರಗಿಸಿ ಒಂದಾಗಿಸುವುದು, ನನ್ನ ಕ್ರಮ. ಕಿಲ್ನ್‌ನಿಂದ ತೆಗೆದಾಗ ಚೆನ್ನಾಗಿಯೇ ಇರುವ ತಟ್ಟೆಗಳು ಕೆಲವು ದಿನಗಳಾದ ಮೇಲೆ, ಯಾರೂ ಮುಟ್ಟದಿದ್ದರೂ, ಟಣ್ ಎಂದು ಸದ್ದು ಮಾಡಿ ಎರಡಾಗುತ್ತವೆ. ಎಲ್ಲೆಡೆ ಹೇಳುವ ಕ್ರಮವನ್ನೇ ಪಾಲಿಸಿದ್ದೇನೆ: 804 ಡಿಗ್ರಿಯಲ್ಲಿ 10 ನಿಮಿಷ, ಆಮೇಲೆ ಬೇಗ ಇಳಿಸಿ 482 ಡಿಗ್ರಿಯಲ್ಲಿ ಒಂದು ಗಂಟೆ ಅನೀಲಿಂಗ್, ಅಂದರೆ ಗಾಜಿನೊಳಗಿನ ಒತ್ತಡ ಸಡಿಲವಾಗಲು ಅದೇ ಬಿಸಿಯಲ್ಲಿ ನಿಲ್ಲಿಸುವುದು. ಆ ಒಂದು ಗಂಟೆಯನ್ನು ಎರಡಕ್ಕೆ, ಆಮೇಲೆ ನಾಲ್ಕಕ್ಕೆ ಏರಿಸಿದೆ. ಸೀಳುವುದು ನಿಲ್ಲಲಿಲ್ಲ. ಇದಲ್ಲದೆ ಮೇಲಿನ ಪದರದ ಅಂಚು ಪೂರ್ತಿ ಕರಗದೆ ಮೆಟ್ಟಿಲಿನಂತೆ ಉಳಿಯುತ್ತಿದೆ. ವಿದ್ಯುತ್ ಬಿಲ್ಲು ಏರುತ್ತಿದೆಯೇ ಹೊರತು ಉಡುಗೊರೆಯಾಗಿ ಕೊಡಬಹುದಾದ ಒಂದು ತಟ್ಟೆಯೂ ಕೈಗೆ ಸಿಕ್ಕಿಲ್ಲ. ದಯವಿಟ್ಟು ಕಾರಣ ತಿಳಿಸಿ.

ಹುಬ್ಬಳ್ಳಿ ಕಿಲ್ನ್

ಮೇಡಂ, ಇದು ಅನೀಲಿಂಗ್‌ನದೇ ಸಮಸ್ಯೆ. ದಿನ ಕಳೆದ ಮೇಲೆ ಸೀಳುವ ಗಾಜಿನಲ್ಲಿ ಒತ್ತಡ ಉಳಿದಿರುತ್ತದೆ. 482ರಲ್ಲಿ ನಿಲ್ಲಿಸಿದ ಮೇಲೆ ಹೇಗೆ ತಣಿಸುತ್ತಿದ್ದೀರಿ ಎಂಬುದನ್ನು ನೀವು ಬರೆದಿಲ್ಲ. ನಿಲ್ಲಿಸುವ ಅವಧಿಯಷ್ಟೇ ಮುಖ್ಯವಾದದ್ದು ಅದರ ನಂತರದ ಇಳಿಕೆ. 12 ಮಿ.ಮೀ. ದಪ್ಪದ ಕೆಲಸಕ್ಕೆ ಎರಡು ಗಂಟೆ ನಿಲ್ಲಿಸಿ, 427ರವರೆಗೆ ಗಂಟೆಗೆ 55 ಡಿಗ್ರಿಯಂತೆ, ಅಲ್ಲಿಂದ 371ರವರೆಗೆ ಗಂಟೆಗೆ 99 ಡಿಗ್ರಿಯಂತೆ ಇಳಿಸುವುದು ರೂಢಿ. ಪದರಗಳ ದಪ್ಪ ಎಲ್ಲೆಡೆ ಒಂದೇ ಸಮನಾಗಿಲ್ಲದಿದ್ದರೆ, ಅತಿ ದಪ್ಪವಿರುವ ಭಾಗದ ಎರಡರಷ್ಟು ದಪ್ಪಕ್ಕೆ ಲೆಕ್ಕ ಹಾಕಿ ಅನೀಲ್ ಮಾಡಬೇಕು. ಒಂದು ಸಲ ಆರು ಗಂಟೆ ನಿಲ್ಲಿಸಿ ನೋಡಿ.

ಬೆಸುಗೆ ಮೇಷ್ಟ್ರು

ಅಂಚು ಮೆಟ್ಟಿಲಿನಂತೆ ಉಳಿದಿದೆ ಎಂಬ ಮಾತನ್ನು ಮೇಲಿನವರು ಗಮನಿಸಿದಂತಿಲ್ಲ. 804ರಲ್ಲಿ 10 ನಿಮಿಷ ನಿಂತ ಫ್ಯೂಸಿಂಗ್ ಗಾಜಿನ ಅಂಚು ದುಂಡಾಗಿ, ಪದರಗಳು ಒಂದಾಗಿ ಸಮತಟ್ಟಾಗಬೇಕು. ಹಾಗಾಗಿಲ್ಲವೆಂದರೆ ಕಿಲ್ನ್ ಆ ಬಿಸಿಯನ್ನು ತಲುಪಿಯೇ ಇಲ್ಲ. ಬಿಸಿ ಅಳೆಯುವ ಥರ್ಮೋಕಪಲ್‌ನ ತುದಿ ಕಾಯಿಲ್‌ಗೆ (ಕಿಲ್ನ್ ಕಾಯಿಸುವ ಸುರುಳಿ ತಂತಿಗೆ) ಹತ್ತಿರವಿದ್ದರೆ ಕಾಯಿಲ್‌ನ ಬಿಸಿಯನ್ನು ತೋರಿಸುತ್ತದೆಯೇ ಹೊರತು ಗಾಜಿನ ಬಿಸಿಯನ್ನಲ್ಲ. ಅದು ಯಾವ ಟೈಪ್, ತುದಿ ಎಲ್ಲಿದೆ, ಅದರಿಂದ ಬಿಸಿ ನಿಯಂತ್ರಿಸುವ ಕಂಟ್ರೋಲರ್‌ವರೆಗೆ ಯಾವ ತಂತಿ ಎಳೆದಿದ್ದೀರಿ ಎಂಬುದನ್ನು ತಿಳಿಸಿ. ಕೆ ಟೈಪ್ ಆದರೆ ಮಧ್ಯೆ ಸಾಮಾನ್ಯ ತಾಮ್ರದ ತಂತಿ ಸೇರಿಸಬಾರದು. ಥರ್ಮೋಕಪಲ್ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಮೊದಲ ಪರೀಕ್ಷೆ ಮಾಡಬಹುದು. ಮೈಸೂರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ ಎಂಬುದು ನೆನಪಿರಲಿ.

ಹುಬ್ಬಳ್ಳಿ ಕಿಲ್ನ್

ಮೇಷ್ಟ್ರೇ, 97 ಡಿಗ್ರಿಯಲ್ಲಿ ಸರಿಯಾಗಿ ತೋರಿಸಿದ ಮಾತ್ರಕ್ಕೆ 800ರಲ್ಲಿಯೂ ಸರಿಯಾಗಿರುತ್ತದೆ ಎಂದು ಹೇಳಲಾಗದು. ತಾಮ್ರದ ತಂತಿಯ ವಿಚಾರವೂ ಇಲ್ಲಿ ಹೊಂದುವುದಿಲ್ಲ. ಜೋಡಣೆಯ ಜಾಗ ಕಂಟ್ರೋಲರ್‌ಗಿಂತ ಬಿಸಿಯಾಗಿದ್ದರೆ ಕಂಟ್ರೋಲರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಗಾಜು ಹೆಚ್ಚು ಕರಗಬೇಕಿತ್ತು, ಕಡಿಮೆಯಲ್ಲ.

ಬೆಸುಗೆ ಮೇಷ್ಟ್ರು

ಒಪ್ಪುತ್ತೇನೆ. ಆದರೆ ತುದಿಯ ಜಾಗದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಾಮಾನ್ಯ ದರ್ಜೆಯ ಕೆ ಟೈಪ್‌ನಲ್ಲಿ 800 ಡಿಗ್ರಿಯ ಹೊತ್ತಿಗೆ ಆರು ಡಿಗ್ರಿಯ ಏರುಪೇರು ಕಾರ್ಖಾನೆಯ ಮಿತಿಯೊಳಗೇ ಇರುತ್ತದೆ. ತುದಿಯನ್ನು ಗಾಜು ಇಡುವ ಶೆಲ್ಫ್‌ನ ಮಟ್ಟಕ್ಕೆ ಇಳಿಸದೆ ಅನೀಲಿಂಗ್ ಬಗ್ಗೆ ಚರ್ಚಿಸುವುದು ವ್ಯರ್ಥ.

ಮೈಸೂರು ಗಾಜು

ಥರ್ಮೋಕಪಲ್ ಕೆ ಟೈಪ್, ಅದರ ಜೊತೆಗೇ ಬಂದ ತಂತಿ. ತುದಿ ಶೆಲ್ಫ್‌ಗಿಂತ ಸುಮಾರು ನಾಲ್ಕು ಸೆಂ.ಮೀ. ಮೇಲಿದೆ, ಕಾಯಿಲ್‌ನಿಂದ ದೂರವೇ ಇದೆ. ಇಳಿಕೆಯನ್ನು ನೀವು ಹೇಳಿದಂತೆ ನಿಧಾನವಾಗಿಯೇ ಮಾಡುತ್ತಿದ್ದೇನೆ. ಆರು ಗಂಟೆಯೂ ನಿಲ್ಲಿಸಿ ನೋಡಿದೆ. ಆ ತಟ್ಟೆಯೂ ನಿನ್ನೆ ರಾತ್ರಿ ಸೀಳಿತು. ಇನ್ನೂ ಎಷ್ಟು ಹೊತ್ತು ನಿಲ್ಲಿಸಬೇಕು?

ಹುಬ್ಬಳ್ಳಿ ಕಿಲ್ನ್

ಹಾಗಾದರೆ ನಿಮ್ಮ ಕಿಲ್ನ್‌ನ ಒಳಗೆ ಬಿಸಿ ಸಮನಾಗಿ ಹರಡುತ್ತಿಲ್ಲ. ಮಡಕೆ ಸುಡುವ ಕಿಲ್ನ್ ಇರಬೇಕು ಎಂದು ಊಹಿಸುತ್ತೇನೆ. ಅದರಲ್ಲಿ ಕಾಯಿಲ್‌ಗಳು ಪಕ್ಕದ ಗೋಡೆಗಳಲ್ಲಿರುತ್ತವೆ, ಆದ್ದರಿಂದ ತಟ್ಟೆಯ ಅಂಚು ಮೊದಲು ಕಾದು ನಡುಭಾಗ ಹಿಂದುಳಿಯುತ್ತದೆ. ನಾನು ಈ ಕಾರಣಕ್ಕೇ ಮುಚ್ಚಳದಲ್ಲಿ ಕಾಯಿಲ್ ಇರುವ, 60 ಸೆಂ.ಮೀ. ಅಗಲದ ಕಿಲ್ನ್ ಅನ್ನು ಸ್ಥಳೀಯವಾಗಿಯೇ ಮಾಡಿಸಿಕೊಂಡೆ.  ಶೆಲ್ಫ್ ಕೆಳಗೆ ಮೂರು ಸೆಂ.ಮೀ. ಕಾಲುಗಳನ್ನು ಕೊಟ್ಟು ಗಾಳಿಯಾಡಲು ಬಿಟ್ಟಿದ್ದೇನೆ. ಇಡೀ ಶೆಲ್ಫ್‌ನಲ್ಲಿ ಬಿಸಿಯ ವ್ಯತ್ಯಾಸ ಬಹಳ ಕಡಿಮೆ.

ದೂರದ ಕನ್ನಡಿಗ

ಒರೆಗಾನ್‌ನಿಂದ ಬರೆಯುತ್ತಿದ್ದೇನೆ. ಕಿಲ್ನ್ ವಿಚಾರವನ್ನು ಸ್ವಲ್ಪ ಬದಿಗಿಟ್ಟು ಒಡೆದ ಚೂರನ್ನೇ ನೋಡೋಣ, ಏಕೆಂದರೆ ಕಾರಣವನ್ನು ಅದು ಬಹುಪಾಲು ತಾನೇ ಹೇಳುತ್ತದೆ. ಸೀಳಿದ ಅಂಚು ಮುಟ್ಟಿದರೆ ದುಂಡಾಗಿದ್ದರೆ ಏರಿಕೆಯಲ್ಲಿ ಒಡೆದು ಆಮೇಲೆ ಕರಗಿದೆ ಎಂದರ್ಥ. ಹರಿತವಾಗಿದ್ದರೆ ತಣಿಯುವಾಗ ಅಥವಾ ಆಮೇಲೆ ಒಡೆದಿದೆ. ಬಿರುಕು ತಟ್ಟೆಯ ಅಡ್ಡಲಾಗಿ ಸಾಗಿ ಕೊನೆಯಲ್ಲಿ ಕೊಕ್ಕೆಯಂತೆ ಬಾಗಿದ್ದರೆ ಅನೀಲಿಂಗ್ ಕಡೆಗೆ ಬೆರಳು ತೋರಿಸಬಹುದು. ಬಣ್ಣದ ಚೂರಿನ ಗಡಿಯನ್ನೇ ಹಿಡಿದು ಸುತ್ತಿದ್ದರೆ ಆ ಎರಡು ಗಾಜುಗಳು ಒಂದಕ್ಕೊಂದು ಹೊಂದುವುದಿಲ್ಲ. ನಿಮ್ಮಲ್ಲಿ ಯಾವುದು?

ಇನ್ನೊಂದು ಪ್ರಶ್ನೆ, ಇದನ್ನು ಮೊದಲೇ ಕೇಳಬೇಕಿತ್ತು. ಗಾಜು ಯಾವುದು? 482 ಎಂಬ ಸಂಖ್ಯೆ ಇಲ್ಲಿಯ ಪೋರ್ಟ್‌ಲ್ಯಾಂಡ್‌ನಲ್ಲಿ ತಯಾರಾಗುವ ಬುಲ್ಸ್‌ಐ ಎಂಬ ಫ್ಯೂಸಿಂಗ್ ಗಾಜಿಗೆ ಹೇಳಿದ 900 ಫ್ಯಾರನ್‌ಹೀಟ್.

ಮೈಸೂರು ಗಾಜು

ಅಂಚು ಹರಿತವಾಗಿಯೇ ಇದೆ. ಕೆಲವು ಬಿರುಕುಗಳು ಅಡ್ಡಲಾಗಿ ಹೋಗಿ ಕೊನೆಯಲ್ಲಿ ಬಾಗಿವೆ, ಇನ್ನು ಕೆಲವು ಹಸಿರು ಚೂರುಗಳ ಪಕ್ಕದಿಂದ ಶುರುವಾಗಿವೆ. ಗಾಜು ಸಾಮಾನ್ಯವಾದದ್ದೇ, ಕಿಟಕಿಗೆ ಹಾಕುವ 4 ಮಿ.ಮೀ. ಗಾಜು. ಗಾಜಿನ ಅಂಗಡಿಯಲ್ಲಿ ದುಂಡಗೆ ಕತ್ತರಿಸಿ ಕೊಡುತ್ತಾರೆ. ಬಣ್ಣದ ಚೂರುಗಳು ಹಸಿರು ಮತ್ತು ಕಂದು ಬಾಟಲಿಗಳದ್ದು. ಇದನ್ನು ಪ್ರತ್ಯೇಕವಾಗಿ ಹೇಳಬೇಕು ಎಂದು ಅನಿಸಿರಲಿಲ್ಲ, ಮನೆಯಲ್ಲಿ ಮಾಡುವ ಎಲ್ಲರೂ ಅದನ್ನೇ ಬಳಸುತ್ತಾರೆ ಎಂದುಕೊಂಡಿದ್ದೆ.

ದೂರದ ಕನ್ನಡಿಗ

ಹಾಗಾದರೆ ನಿಮ್ಮ ಎರಡೂ ದೂರುಗಳಿಗೆ ಒಂದೇ ಕಾರಣ. ಕಿಟಕಿಗೆ ಹಾಕುವ ಫ್ಲೋಟ್ ಗಾಜು ಫ್ಯೂಸಿಂಗ್‌ಗೆಂದೇ ಮಾಡಿದ ಗಾಜಿಗಿಂತ ಬಿಗಿಯಾದದ್ದು, ಅದು ಮೆತ್ತಗಾಗಲು ಹೆಚ್ಚು ಬಿಸಿ ಬೇಕು. ಆದ್ದರಿಂದಲೇ 804ರಲ್ಲಿ ಅಂಚು ಮೆಟ್ಟಿಲಿನಂತೆ ಉಳಿಯಿತು. ಪೂರ್ತಿ ಫ್ಯೂಸ್‌ಗೆ 830ರಿಂದ 840 ಬೇಕಾಗುತ್ತದೆ. ಥರ್ಮೋಕಪಲ್ ಸರಿಯಾಗಿಯೇ ಇತ್ತು.

ಅನೀಲಿಂಗ್ ವಿಚಾರ ಇದಕ್ಕಿಂತ ಮುಖ್ಯ. ಫ್ಲೋಟ್ ಗಾಜಿನೊಳಗಿನ ಒತ್ತಡ ಸುಮಾರು 550 ಡಿಗ್ರಿಯ ಹತ್ತಿರ ನಿಮಿಷಗಳಲ್ಲಿ ಸಡಿಲವಾಗುತ್ತದೆ, ಸುಮಾರು 510ರಲ್ಲಿ ಅದಕ್ಕೆ ಗಂಟೆಗಳು ಬೇಕು, ಅದಕ್ಕಿಂತ ಕೆಳಗೆ ಗಾಜು ನಮ್ಮ ಕೆಲಸದ ಮಟ್ಟಿಗೆ ಗಟ್ಟಿಯಾಗಿಬಿಟ್ಟಿರುತ್ತದೆ. ನೀವು ಮೇಲಿನಿಂದ ವೇಗವಾಗಿ ಇಳಿಸುವಾಗ ತಟ್ಟೆಯ ಹೊರಮೈ ತಣಿದು ಒಳಭಾಗ ಬಿಸಿಯಾಗಿಯೇ ಇರುವ ಸ್ಥಿತಿಯಲ್ಲಿ ಈ ಇಡೀ ಹಂತವನ್ನು ದಾಟಿಬಿಡುತ್ತೀರಿ. ಆ ವ್ಯತ್ಯಾಸ ಒತ್ತಡವಾಗಿ ಗಾಜಿನೊಳಗೆ ಉಳಿದ ಮೇಲೆ 482ರಲ್ಲಿ ಆರು ಗಂಟೆ ನಿಂತರೂ ಅದು ಹೋಗುವುದಿಲ್ಲ. ನೀವು ಬದಲಾಯಿಸಬೇಕಾದದ್ದು ಅವಧಿಯನ್ನಲ್ಲ, ನಿಲ್ಲಿಸುವ ಡಿಗ್ರಿಯನ್ನು.

ಎರಡು 4 ಮಿ.ಮೀ. ಪದರಗಳಿಗೆ ನಾನಾದರೆ ಗಂಟೆಗೆ 150 ಡಿಗ್ರಿಯಂತೆ 690ರವರೆಗೆ ಏರಿಸಿ, ಪದರಗಳ ನಡುವಿನ ಗಾಳಿ ಹೊರಹೋಗಲು ಅರ್ಧ ಗಂಟೆ ನಿಲ್ಲಿಸಿ, ಅಲ್ಲಿಂದ ತಡಮಾಡದೆ 835ಕ್ಕೆ ಹೋಗಿ 10 ನಿಮಿಷ ಇರುತ್ತೇನೆ. ಫ್ಲೋಟ್ ಗಾಜು 700ರ ಮೇಲಿನ ಹಂತದಲ್ಲಿ ಹೆಚ್ಚು ಹೊತ್ತು ಕಳೆದರೆ ಮೇಲ್ಮೈಯಲ್ಲಿ ಹರಳುಗಟ್ಟಿ ಬೆಳ್ಳಗೆ ಮಂಕಾಗುತ್ತದೆ, ಆದ್ದರಿಂದ ಅಲ್ಲಿ ಬೇಗ ದಾಟಬೇಕು. ಆಮೇಲೆ 550ಕ್ಕೆ ಇಳಿಸಿ ಒಂದೂವರೆ ಗಂಟೆ, ಅಲ್ಲಿಂದ ಗಂಟೆಗೆ 55ರಂತೆ 430ರವರೆಗೆ, ಮುಂದೆ ಗಂಟೆಗೆ 100ರಂತೆ 370ರವರೆಗೆ. ಆಮೇಲೆ ಕಿಲ್ನ್ ಆರಿಸಿ, ಕೈ ಬಿಸಿಯಾಗದಷ್ಟು ತಣಿಯುವವರೆಗೆ ಮುಚ್ಚಳ ತೆರೆಯಬಾರದು.

ಹುಬ್ಬಳ್ಳಿ ಕಿಲ್ನ್

ಅನೀಲಿಂಗ್ ಎಂದು ನಾನು ಮೊದಲೇ ಹೇಳಿದ್ದೆ. ಡಿಗ್ರಿಯ ವಿಚಾರ ಒಪ್ಪುತ್ತೇನೆ. ಬಾಟಲಿ ಚೂರುಗಳ ಬಗ್ಗೆ ಮಾತ್ರ ಅಷ್ಟು ಹೆದರಬೇಕಿಲ್ಲ. ಫ್ಲೋಟ್ ಗಾಜಿನ ಸಿಒಇ (ಬಿಸಿಗೆ ಹಿಗ್ಗುವ ಪ್ರಮಾಣ) ಸುಮಾರು 85, ಬಾಟಲಿ ಗಾಜಿನದೂ ಅದರ ಆಸುಪಾಸಿನಲ್ಲೇ ಇರುತ್ತದೆ. ಎರಡೂ ಸೋಡಾ ಲೈಮ್ ಗಾಜುಗಳೇ.

ದೂರದ ಕನ್ನಡಿಗ

ಸಿಒಇ ಸಂಖ್ಯೆ ಹತ್ತಿರವಿದ್ದ ಮಾತ್ರಕ್ಕೆ ಗಾಜುಗಳು ಹೊಂದುತ್ತವೆ ಎಂಬ ನಂಬಿಕೆ ಬಹಳ ಜನರ ಕೆಲಸವನ್ನು ಹಾಳು ಮಾಡಿದೆ. ಆ ಸಂಖ್ಯೆಯನ್ನು ಅಳೆಯುವುದು ಕೋಣೆಯ ಉಷ್ಣತೆಯಿಂದ 300 ಡಿಗ್ರಿಯವರೆಗಿನ ಹಿಗ್ಗುವಿಕೆಯಲ್ಲಿ. ಆದರೆ ಎರಡು ಗಾಜುಗಳು ಜಗಳವಾಡುವುದು 500ರ ಮೇಲೆ, ಒಂದು ಗಟ್ಟಿಯಾದಾಗ ಇನ್ನೊಂದು ಮೆತ್ತಗೇ ಇರುವ ಹಂತದಲ್ಲಿ. ಅಲ್ಲಿ ಗಾಜಿನ ಸ್ನಿಗ್ಧತೆಯೂ, ಅಂದರೆ ಹರಿಯದೆ ತಡೆಯುವ ಗುಣವೂ, ಲೆಕ್ಕಕ್ಕೆ ಬರುತ್ತದೆ. ಬೇರೆ ಬೇರೆ ಕಾರ್ಖಾನೆಗಳ ಎರಡು ಫ್ಲೋಟ್ ಹಾಳೆಗಳನ್ನೂ ಪರೀಕ್ಷಿಸದೆ ಜೋಡಿಸಬಾರದು.

ಹುಬ್ಬಳ್ಳಿ ಕಿಲ್ನ್

ನಾನು ವರ್ಷಗಳಿಂದ ಬಾಟಲಿ ಗಾಜನ್ನು ಬಳಸುತ್ತಿದ್ದೇನೆ, ಒಡೆದಿಲ್ಲ. ನನ್ನ ಅನುಮಾನ ತವರದ ಮೈ ಮೇಲಿದೆ. ಫ್ಲೋಟ್ ಗಾಜು ಕರಗಿದ ತವರದ ಮೇಲೆ ತೇಲಿ ಬಂದದ್ದು, ಆ ಮೈಗೆ ತವರ ಅಂಟಿರುತ್ತದೆ. ಎರಡು ಪದರಗಳ ತವರದ ಮೈಗಳು ತಪ್ಪಾಗಿ ಸೇರಿದರೆ ಒತ್ತಡ ಬರಬಹುದು.

ಬೆಸುಗೆ ಮೇಷ್ಟ್ರು

ಬಾಟಲಿಯನ್ನೇ ಬಾಟಲಿಯ ಜೊತೆ ಬಳಸಿದ್ದೀರಾ, ಫ್ಲೋಟ್ ನಡುವೆ ಇಟ್ಟಿದ್ದೀರಾ ಎಂಬುದನ್ನು ತಿಳಿಸಿ. ಎರಡೂ ಬೇರೆ ಮಾತು. ತವರದ ಮೈ ಮಂಕಿಗೆ ಕಾರಣವಾಗುತ್ತದೆ, ತಟ್ಟೆಯನ್ನು ಸೀಳುವಷ್ಟು ಒತ್ತಡ ತರುವುದಿಲ್ಲ.

ನಿರ್ವಾಹಕ

ಸಿಒಇ ಮತ್ತು ತವರದ ಮೈಯ ಚರ್ಚೆಗೆ ಪ್ರತ್ಯೇಕ ಎಳೆ ತೆರೆದಿದ್ದೇನೆ, ಅದನ್ನು ಅಲ್ಲಿ ಮುಂದುವರಿಸಿ. ಇಲ್ಲಿ ಮೈಸೂರಿನವರ ತಟ್ಟೆಗಳ ವಿಚಾರ ಮಾತ್ರ ಇರಲಿ.

ದೂರದ ಕನ್ನಡಿಗ

ವಾದದಿಂದ ತೀರ್ಮಾನವಾಗದ್ದು ಪರೀಕ್ಷೆಯಿಂದ ಆಗುತ್ತದೆ, ಅದಕ್ಕೆ ಹಣ ಖರ್ಚಾಗುವುದಿಲ್ಲ. ಕಿಟಕಿ ಗಾಜಿನ ಉದ್ದನೆಯ ಪಟ್ಟಿಯೊಂದರ ಮೇಲೆ ಹಸಿರು ಮತ್ತು ಕಂದು ಬಾಟಲಿಯ ಬೆರಳುಗುರಿನಷ್ಟು ಚೂರುಗಳನ್ನು ದೂರ ದೂರ ಇಡಿ. ಅದೇ ಹಾಳೆಯಿಂದ ಕತ್ತರಿಸಿದ ಒಂದು ಚೂರನ್ನೂ ಅದರ ಮೇಲೆ ಇಡಬೇಕು, ಏಕೆಂದರೆ ಹೋಲಿಸಿ ನೋಡಲು ಅದೇ ಆಧಾರ. ಮೇಲೆ ಹೇಳಿದ ಕ್ರಮದಲ್ಲಿ ಫ್ಯೂಸ್ ಮಾಡಿ. ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿಯಾಗಿಸಿ ಪಟ್ಟಿಯನ್ನು ಅದರ ಮುಂದೆ ಹಿಡಿಯಿರಿ, ಏಕೆಂದರೆ ಆ ಪರದೆಯ ಬೆಳಕು ಮೊದಲೇ ಧ್ರುವೀಕೃತವಾಗಿರುತ್ತದೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ ಅದರ ಮೂಲಕ ಪಟ್ಟಿಯನ್ನು ನೋಡಿ. ಕ್ಯಾಮೆರಾದ ಪೋಲರೈಸರ್ ಆದರೆ ಅದರ ಮುಂಭಾಗ ಪರದೆಯ ಕಡೆಗಿರಬೇಕು. ಒತ್ತಡವಿರುವ ಜಾಗ ಕಪ್ಪಿನ ನಡುವೆ ಬೆಳ್ಳಗೆ ಹೊಳೆಯುತ್ತದೆ. ಅದೇ ಹಾಳೆಯ ಚೂರಿನ ಸುತ್ತಲೂ ಹೊಳೆದರೆ ಅನೀಲಿಂಗ್ ಇನ್ನೂ ಸರಿಯಾಗಿಲ್ಲ. ಅದು ಕಪ್ಪಾಗಿದ್ದು ಬಾಟಲಿ ಚೂರಿನ ಮೂಲೆಗಳಷ್ಟೇ ಹೊಳೆದರೆ ಆ ಗಾಜು ಹೊಂದುವುದಿಲ್ಲ, ಎಷ್ಟು ಅನೀಲ್ ಮಾಡಿದರೂ ಹೊಂದುವುದಿಲ್ಲ.

ಮೈಸೂರು ಗಾಜು

ತಡವಾಗಿ ಉತ್ತರಿಸುತ್ತಿದ್ದೇನೆ, ನಡುವೆ ಅನೀಲಿಂಗ್ ಹೊತ್ತಿನಲ್ಲಿ ಕರೆಂಟ್ ಹೋಗಿ ಒಂದು ಸುಡುವಿಕೆ ಅರ್ಧಕ್ಕೆ ನಿಂತಿತ್ತು. ಮೇಷ್ಟ್ರು ಖಾಸಗಿಯಾಗಿ ತಿಳಿಸಿದಂತೆ ಮುಚ್ಚಳ ತೆರೆಯದೆ ಇಟ್ಟು, ಕರೆಂಟ್ ಬಂದ ಮೇಲೆ ನಿಧಾನವಾಗಿ ಮತ್ತೆ 550ಕ್ಕೆ ಏರಿಸಿ ಪೂರ್ತಿ ಅನೀಲ್ ಮಾಡಿದೆ.

ಪರೀಕ್ಷೆಯ ಫಲ ಹೀಗಿದೆ. ಅದೇ ಹಾಳೆಯ ಚೂರಿನ ಸುತ್ತ ಕಪ್ಪಾಗಿದೆ, ಏನೂ ಹೊಳೆಯುತ್ತಿಲ್ಲ. ಹಸಿರು ಬಾಟಲಿಯ ಚೂರಿನ ಮೂಲೆಗಳೆಲ್ಲ ಬೆಳ್ಳಗೆ ಹೊಳೆಯುತ್ತಿವೆ. ಕಂದು ಚೂರಿನಲ್ಲಿ ಬಹಳ ಮಸುಕಾದ ಬೆಳಕಿದೆ. ಬಣ್ಣವಿಲ್ಲದೆ ಮಾಡಿದ ತಟ್ಟೆಗಳು ಈವರೆಗೆ ಒಂದೂ ಸೀಳಿಲ್ಲ, ಅಂಚೂ ದುಂಡಾಗಿದೆ. ಬೋರ್‌ವೆಲ್ ನೀರಿನಲ್ಲಿ ತೊಳೆದ ಒಂದರ ನಡುವೆ ಮಾತ್ರ ಬಿಳಿ ಕಲೆ ಉಳಿದಿದೆ. ಕಂದು ಗಾಜನ್ನು ಬಳಸಬಹುದೇ? ಬಣ್ಣಕ್ಕೆ ಇನ್ನೇನು ದಾರಿ?

ದೂರದ ಕನ್ನಡಿಗ

ಕಂದು ಗಾಜನ್ನು ಗೋಡೆಗೆ ತೂಗುಹಾಕುವ ಸಣ್ಣ ಕೆಲಸಕ್ಕೆ ಬಳಸಬಹುದೇನೋ, ಬಿಸಿ ಅಡುಗೆ ತಾಗುವ ತಟ್ಟೆಗೆ ಬೇಡ. ಮುಂದಿನ ಬಾಟಲಿ ಬೇರೆ ಕಾರ್ಖಾನೆಯದಾಗಿದ್ದರೆ ಈ ಪರೀಕ್ಷೆಯೂ ಅದಕ್ಕೆ ಅನ್ವಯಿಸುವುದಿಲ್ಲ. ಬಣ್ಣಕ್ಕೆ ಸೀಸವಿಲ್ಲದ ಗಾಜಿನ ಎನಾಮೆಲ್ ಪುಡಿಯನ್ನು ಜರಡಿಯಲ್ಲಿ ತೆಳುವಾಗಿ ಉದುರಿಸಿ ಪದರಗಳ ನಡುವೆ ಇಡಿ. ತೆಳ್ಳನೆಯ ತಾಮ್ರದ ಹಾಳೆಯನ್ನು ಕತ್ತರಿಸಿ ಇಟ್ಟರೂ ಫ್ಲೋಟ್ ಗಾಜಿನೊಳಗೆ ಚೆಲುವಾಗಿ ಕಾಣುತ್ತದೆ. ದಪ್ಪ ತಂತಿ ಇಟ್ಟರೆ ಮಾತ್ರ ಗಾಜು ಸೀಳುತ್ತದೆ. ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ನೂಲು ಬಿಡದ ಬಟ್ಟೆಯಿಂದ ಒರೆಸಿ.

ಹುಬ್ಬಳ್ಳಿ ಕಿಲ್ನ್

ನಾನು ಬಾಟಲಿಯನ್ನು ಅದೇ ಬಾಟಲಿಯ ಚೂರುಗಳ ಜೊತೆಗೇ ಬಳಸುತ್ತಿದ್ದೆ, ಫ್ಲೋಟ್ ನಡುವೆ ಇಟ್ಟಿರಲಿಲ್ಲ. ಮೇಡಂ, ತಟ್ಟೆಗಳನ್ನು ಅಚ್ಚಿನ ಮೇಲೆ ಬಾಗಿಸುವಾಗ ತವರದ ಮೈ ಕೆಳಗಿರಲಿ, ಅದು ಮೇಲಿದ್ದು ಒಳಕ್ಕೆ ಕುಗ್ಗಿದರೆ ಮಂಕು ಮೂಡುತ್ತದೆ. 254 ನ್ಯಾನೋಮೀಟರ್‌ನ ಯುವಿ ದೀಪವನ್ನು ಕತ್ತಲಲ್ಲಿ ಹಿಡಿದರೆ ತವರದ ಮೈ ಹಾಲಿನಂತೆ ಹೊಳೆಯುತ್ತದೆ; ಆ ದೀಪ ಬೆಳಗುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಬೇಕು. ಬಾಗಿಸಲು 700ರ ಆಸುಪಾಸಿನಿಂದ ಶುರುಮಾಡಿ, ಕಿಂಡಿಯಿಂದ ನೋಡುತ್ತಿದ್ದು ಅಚ್ಚಿಗೆ ಕೂತ ಕೂಡಲೇ ಇಳಿಸಿ. ಫ್ಯೂಸ್ ಮಾಡುವಾಗ ಒಮ್ಮೆ ಅನೀಲ್ ಆಗಿದೆ ಎಂದು ಇಲ್ಲಿ ಅದನ್ನು ಬಿಡುವಂತಿಲ್ಲ. 550ರ ಒಂದೂವರೆ ಗಂಟೆಯೂ, ನಿಧಾನದ ಇಳಿಕೆಯೂ ಮತ್ತೆ ಪೂರ್ತಿಯಾಗಿ ಆಗಬೇಕು.