ಸಣ್ಣತ್ತೆ ಹಲ್ಲು ನೋವು ನಿಂತಿದೆ ಅಂತ ಸುಮ್ಮನಿರಬೇಡಿ

ಭಾವ, ಟೈಪ್ ಮಾಡ್ತಾ ಕೂತ್ರೆ ಹೊತ್ತಾಗುತ್ತೆ, ಅದಕ್ಕೆ ವಾಯ್ಸ್‌ನಲ್ಲೇ ಹೇಳ್ತಿದೀನಿ, ಪೂರ್ತಿ ಕೇಳಿ. ಸಣ್ಣತ್ತೆಗೆ ಕೆಳಗಿನ ದವಡೆ ಹಲ್ಲು ನೋಯ್ತಿತ್ತು, ರಾತ್ರಿ ನೋವು ನಿಂತಿತು, ಬೆಳಿಗ್ಗೆ ನೋಡಿದ್ರೆ ಕೆನ್ನೆ ಊದಿದೆ ಅಂತ ಮನೆಯವರ ಗ್ರೂಪಲ್ಲಿ ಹಾಕಿದೀರಿ. ದೊಡ್ಡಮ್ಮ ಲವಂಗದೆಣ್ಣೆ ಅಂದ್ರು, ಅಕ್ಕ ಬಿಸಿ ಉಪ್ಪಿನ ಶಾಖ ಕೊಡಿ ಅಂದ್ಲು. ನಾನು ವರ್ಷಗಟ್ಟಲೆ ಹಲ್ಲಿನ ಕ್ಲಿನಿಕ್ಕಲ್ಲಿ ಡಾಕ್ಟ್ರ ಪಕ್ಕ ನಿಂತು ಕೆಲಸ ಮಾಡಿದೋಳು, ನನಗೆ ಈ ನೋವು ನಿಂತಿದ್ದೇ ಹೆಚ್ಚು ಭಯ.

ಹಲ್ಲಿನೊಳಗಿನ ನರ ಸತ್ತುಹೋದ್ರೆ ನೋವು ಗೊತ್ತಾಗೋದೇ ನಿಂತುಬಿಡುತ್ತೆ. ಸೋಂಕು ಮಾತ್ರ ಬೇರಿನ ತುದಿಗಿಳಿದು ಕೀವು ಕಟ್ಟುತ್ತೆ. ಲವಂಗದಲ್ಲಿರೋ ಯೂಜೆನಾಲ್ ಜೋಮು ಹಿಡಿಸುತ್ತೆ, ನಿಜ, ದೊಡ್ಡಮ್ಮ ಹೇಳಿದ್ರಲ್ಲಿ ಸುಳ್ಳಿಲ್ಲ. ಆದ್ರೆ ಮೇಲೆ ಹಚ್ಚಿದ ಎಣ್ಣೆ ಬೇರಿನ ತುದಿಯ ಕೀವಿಗೆ ಮುಟ್ಟೋದೇ ಇಲ್ಲ. ಬರೀ ಎಣ್ಣೆ ವಸಡಿಗೆ ತಾಗಿದ್ರೆ ಸುಡುತ್ತೆ ಕೂಡ. ಹಚ್ಚಲೇಬೇಕಂದ್ರೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ, ಹತ್ತಿಯಲ್ಲಿ ಚೂರು ಅದ್ದಿ, ಹಲ್ಲಿಗೆ ಮಾತ್ರ ಮುಟ್ಟಿಸಿ. ಚಿಕ್ಕ ಮಕ್ಕಳ ಕೈಗೆ ಆ ಬಾಟಲಿ ಸಿಗಬಾರದು, ಕುಡಿದ್ರೆ ವಿಷ.

ಅಕ್ಕಾ, ಶಾಖ ಬೇಡವೇ ಬೇಡ. ಬೇಕಾದ್ರೆ ಹೊರಗಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಲಿ, ಅದು ಹಿತ ಕೊಡುತ್ತೆ. ಹಳೇ ಆಂಟಿಬಯೋಟಿಕ್ ಡಬ್ಬಿಯಿಂದ ಹುಡುಕಿ ಕೊಡಬೇಡಿ. ಸತ್ತ ನರಕ್ಕೆ ರಕ್ತ ಹರಿಯಲ್ಲ, ಹಾಗಿದ್ಮೇಲೆ ಮಾತ್ರೆ ಅಲ್ಲಿಗೆ ತಲುಪೋದು ಹೇಗೆ? ಕೀವಿಗೆ ದಾರಿ ಮಾಡಿ ಹೊರಗೆ ತೆಗೀಬೇಕು, ಆಮೇಲೆ ರೂಟ್ ಕೆನಾಲ್, ಇಲ್ಲಾಂದ್ರೆ ಹಲ್ಲು ಕೀಳೋದು. ಇವತ್ತೇ ಕರ್ಕೊಂಡು ಹೋಗಿ. ಅತ್ತೆಗೆ ಶುಗರ್ ಬೇರೆ ಇದೆ. ಸೋಂಕು ಶುಗರ್ ಏರಿಸುತ್ತೆ, ಏರಿದ ಶುಗರ್ ಸೋಂಕನ್ನ ಇನ್ನೂ ಹಬ್ಬಿಸುತ್ತೆ. ತಗೊಳ್ಳೋ ಮಾತ್ರೆಗಳ ಚೀಟಿ ಎಲ್ಲಾ ಜೊತೆಗಿರಲಿ. ಬಾಯಿ ಅಗಲಿಸೋಕಾಗದಿದ್ರೆ, ಎಂಜಲು ನುಂಗೋದು ಕಷ್ಟವಾದ್ರೆ, ನಾಲಿಗೆ ಕೆಳಗೋ ಕುತ್ತಿಗೆಗೋ ಊತ ಇಳಿದ್ರೆ, ಉಸಿರು ಕಟ್ಟಿದಂಗಾದ್ರೆ ಕ್ಲಿನಿಕ್ಕು ಬಿಟ್ಟು ನೇರ ದೊಡ್ಡಾಸ್ಪತ್ರೆಗೆ ಹೋಗಿ, ರಾತ್ರಿಯಾದ್ರೂ ಸರಿ. ಕೆಳ ದವಡೆ ಸೋಂಕು ಹಾಗೆ ಇಳಿದು ಜೀವಕ್ಕೇ ಬರುತ್ತೆ.

ಈಗ ಉಳಿದವರಿಗೆ. ಮನೆಮದ್ದಲ್ಲಿ ಹಲ್ಲು ವಾಸಿ ಆಗೋದೇ ಇಲ್ವಾ ಅಂತ ತಂಗಿ ಕೇಳಿದಾಳೆ. ಆಗುತ್ತೆ, ಆದ್ರೆ ತೂತು ಬೀಳೋಕೆ ಮುಂಚೆ ಮಾತ್ರ. ಮೊದಲು ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ ಬರುತ್ತೆ. ಆಗ ನಮ್ಮ ಎಂಜಲಿನಲ್ಲಿರೋ ಕ್ಯಾಲ್ಸಿಯಂ, ಫಾಸ್ಫೇಟ್ ಆ ಜಾಗವನ್ನ ಮತ್ತೆ ಗಟ್ಟಿ ಮಾಡಬಲ್ಲವು. ಅದಕ್ಕೆ ಬಿಡುವು ಬೇಕು. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಆಮ್ಲ ಮಾಡ್ತವೆ, ಬಾಯಿ ಮೊದಲಿನ ಸ್ಥಿತಿಗೆ ಬರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗಂಟೆಗೊಂದು ಸಕ್ಕರೆ ಟೀ, ನಡುವೆ ಬಿಸ್ಕತ್ತು ಅಂದ್ರೆ ಎಂಜಲಿಗೆ ಕೆಲಸ ಮಾಡೋ ಹೊತ್ತೇ ಸಿಗಲ್ಲ. ಹೋಳಿಗೆ ಊಟದ ಜೊತೆಗೇ ತಿಂದು ಮುಗಿಸಿ, ದಿನವಿಡೀ ಚೂರುಚೂರೇ ಬಾಯಿಗೆ ಹಾಕ್ಕೊಳ್ಳೋದು ಹೆಚ್ಚು ಕೆಡುಕು.

ಬೇವಿನ ಕಡ್ಡಿ ಒಳ್ಳೇದೇ, ಮೆತ್ತಗೆ ಜಗಿದು ಉಜ್ಜೋದಾದ್ರೆ. ಎಣ್ಣೆ ಮುಕ್ಕಳಿಸೋದ್ರಿಂದ ತೊಂದರೆಯಿಲ್ಲ, ಆದ್ರೆ ಅದಾಯ್ತು ಅಂತ ಬ್ರಶ್ ಬಿಡಬೇಡಿ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮೆಲ್ಲನ್ನೇ ಸವೆಸುತ್ತೆ, ಸವೆದ ಎನಾಮೆಲ್ ಮತ್ತೆ ಬೆಳೆಯಲ್ಲ. ಫ್ಲೋರೈಡ್ ಪೇಸ್ಟ್ ವಿಷ ಅಂತ ಫಾರ್ವರ್ಡ್ ಬಂದಿತ್ತಲ್ಲ, ಅದನ್ನ ನಂಬಬೇಡಿ. ಪಾವಗಡದ ಕಡೆ ಹಲ್ಲು ಕಂದು ತಿರುಗೋದು ವರ್ಷಾನುಗಟ್ಟಲೆ ಕುಡಿದ, ಫ್ಲೋರೈಡ್ ಹೆಚ್ಚಿರೋ ಬೋರ್‌ವೆಲ್ ನೀರಿಂದ, ಪೇಸ್ಟನ್ನ ನಾವು ಉಗುಳ್ತೀವಿ. ರಾತ್ರಿ ಮಲಗೋ ಮುಂಚೆ ಉಜ್ಜೋದು ಮಾತ್ರ ಯಾರೂ ತಪ್ಪಿಸಬೇಡಿ, ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತೆ.

ತಂಗೀ, ಪುಟ್ಟನಿಗೆ ಮೂರು ವರ್ಷ ತುಂಬೋವರೆಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸೋದು ಬಿಡಿಸು. ಹಾಲು ಕುಡಿಸಿ, ಹಲ್ಲು ಉಜ್ಜಿ, ಆಮೇಲೆ ಬೇಕಂದ್ರೆ ಬರೀ ನೀರು ಕೊಡು.